ಲೆಕ್ಕ ಕೇಳಲು ಬಂದವನು

ಪ್ರಶ್ನೆ ಕೇಳಿ ಹೊಟ್ಟೆ ಹೊರೆಯುವವರು ಲೋಕದಲ್ಲಿ ಹಲವರುಂಟು. ವಕೀಲನು ಪ್ರಶ್ನಿಸಿ ಕಕ್ಷಿದಾರನನ್ನು ಗೆಲ್ಲಿಸುತ್ತಾನೆ. ವೈದ್ಯನು ಪ್ರಶ್ನಿಸಿ ಮದ್ದು ಬರೆಯುತ್ತಾನೆ. ಉಪಾಧ್ಯಾಯನಂತೂ ತನಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಆರಿಸಿ ಕೇಳುತ್ತಾನೆ. ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಅಪರಿಚಿತರ ಹೊಸ್ತಿಲಲ್ಲಿ ನಿಂತು ಕೇಳಿ, ಮದ್ದನ್ನೂ ಕೊಡದೆ, ತೀರ್ಪನ್ನೂ ಹೇಳದೆ ಹೊರಟುಹೋಗುವ ಮತ್ತೊಂದು ಜಾತಿಯ ಮನುಷ್ಯನಿದ್ದಾನೆ. ಅವನೇ ಸಾರ್ವಜನಿಕ ನೀತಿಯ ಸಂಶೋಧಕ. ಅವನ ಸಂಸ್ಥೆಗೆ ಪತ್ರಿಕೆಗಳವರು ‘ಚಿಂತಕರ ಚಾವಡಿ’ ಎಂಬ ಚೆಂದದ ಹೆಸರಿಟ್ಟಿದ್ದಾರೆ. ಆದರೆ ಬಾಗಲಕೋಟೆಯ ಸೀಮೆಯಲ್ಲಿ ಚಾವಡಿಯೆಂದರೆ ತಲಾಠಿ ಕುಳಿತು ಕಂದಾಯ ಕೇಳುವ ಸ್ಥಳ. ಚಾವಡಿಯಿಂದ ಬಂದವನೆಂದೊಡನೆ ಜನರು ತಮ್ಮ ಬಾಕಿಯನ್ನು ನೆನೆದುಕೊಂಡರೆ ಅದು ಅವರ ತಪ್ಪಲ್ಲ.

ಈ ಉದ್ಯೋಗಕ್ಕೆ ಕರ್ನಾಟಕದಲ್ಲಿ ಗೌರವದ ಮನೆತನವುಂಟು. ಡಾ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದರು. ಧಾರವಾಡದಲ್ಲಿಯೂ ಇಂತಹ ಸಂಶೋಧನ ಕೇಂದ್ರವೊಂದಿದೆ. ಅಲ್ಲಿ ಗ್ರಂಥಾಲಯವಿದೆ, ವಿಚಾರಗೋಷ್ಠಿಗಳಿವೆ, ನಾಲ್ಕು ಗಂಟೆಗೆ ಚಹವೂ ಬರುತ್ತದೆ. ಆದರೆ ಅಲ್ಲಿಯ ಕೋಷ್ಟಕಗಳೆಲ್ಲ ಹುಟ್ಟುವುದು ಬೇರೆ ಕಡೆ. ಇಳಕಲ್ಲಿನ ಒಂದು ನೇಕಾರರ ಓಣಿಯಲ್ಲಿ, ಬಾದಾಮಿಯ ಹತ್ತಿರದ ಒಂದು ಹೊಲದ ಬದುವಿನ ಮೇಲೆ.

ಸಂಶೋಧಕನು ಪ್ರಶ್ನಾವಳಿ ಹಿಡಿದು ಇಳಕಲ್ಲಿನ ಒಂದು ಮನೆಗೆ ಬಂದನೆನ್ನಿ. ಒಳಗೆ ಕುಣಿ ಮಗ್ಗ. ಯಜಮಾನನು ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಿದ್ದಾನೆ. ಯಜಮಾನಿತಿ ಗೋಡೆಯ ಪಕ್ಕ ಕುಳಿತಿದ್ದಾಳೆ.

“ಮನ್ಯಾಗ ದುಡಿಯವ್ರು ಎಷ್ಟು ಮಂದಿರೀ?”

“ಒಬ್ಬರ ರೀ, ನಮ್ಮ ಮನಿಯವರು.”

ಹೀಗೆ ಉತ್ತರ ಕೊಡುವಾಗಲೂ ಆಕೆಯ ಬಲಗೈ ರಾಟಿಯನ್ನು ತಿರುಗಿಸುತ್ತಿರುತ್ತದೆ, ಎಡಗೈ ಕಂಡಿಕೆಗೆ ನೂಲು ಬಿಡುತ್ತಿರುತ್ತದೆ.

“ಮತ್ತ ನೀವು ಈಗ ಮಾಡಾಕ ಹತ್ತಿದ್ದು ಏನ್ರೀ ಅಕ್ಕಾರ?”

“ಇದೇನ್ ದುಡಿಮಿರೀ ಸಾಹೇಬ್ರ, ಮನಿ ಕೆಲಸ.”

ಇಲ್ಲಿಯೇ ಸಂಶೋಧಕನ ವಿದ್ಯೆಯ ಪರೀಕ್ಷೆ. ಹೇಳಿದ್ದನ್ನು ಬರೆದುಕೊಂಡು ಮುಂದಿನ ಮನೆಗೆ ಹೋಗುವವನು ಸತ್ಯವನ್ನೇ ಬರೆದನು; ಆದರೂ ಅವನ ಲೆಕ್ಕ ಸುಳ್ಳಾಯಿತು. ಇಳಕಲ್ ಸೀರೆಯ ಹಿರಿಮೆಯಿರುವುದು ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿಯಿಂದ ಕೂಡಿಸುವುದರಲ್ಲಿ. ನೂಲು ಸುತ್ತುವುದರಿಂದ ಹಿಡಿದು ಹಾಸು ಕೂಡಿಸುವವರೆಗೆ ಮನೆಮಂದಿಯ ಕೈಯಿಲ್ಲದೆ ಸೀರೆ ಮಗ್ಗದಿಂದ ಇಳಿಯುವುದಿಲ್ಲ. ಒಂದು ಸೀರೆಯ ಮಜೂರಿಯನ್ನು ಒಬ್ಬನು ನೇಯ್ದ ದಿನಗಳಿಂದ ಭಾಗಿಸಿದರೆ ಕೂಲಿ ಪರವಾಗಿಲ್ಲವೆಂದು ತೋರುತ್ತದೆ. ಅದೇ ಮೊತ್ತವನ್ನು ಹೆಂಡತಿಯ ದಿನಗಳನ್ನೂ ಮುದುಕಿ ತಾಯಿಯ ದಿನಗಳನ್ನೂ ಕೂಡಿಸಿ ಭಾಗಿಸಿದರೆ ಕೂಲಿ ಇಷ್ಟೆಯೇ ಎಂದು ಓದುವವನೇ ತಲೆ ತಗ್ಗಿಸಬೇಕಾಗುತ್ತದೆ. ಮೊದಲನೆಯ ಅಂಕಿಯನ್ನು ನೋಡಿದ ಅಧಿಕಾರಿಯು ಸಹಾಯ ಬೇಡವೆನ್ನುತ್ತಾನೆ. ಎರಡನೆಯದನ್ನು ನೋಡಿದವನು ಬೇಕೆನ್ನುತ್ತಾನೆ. ನಡುವಿನ ವ್ಯತ್ಯಾಸ ಒಂದೇ ಒಂದು ಪ್ರಶ್ನೆ, ರಾಟಿಯತ್ತ ನೋಡಿ ಕೇಳಿದ ಪ್ರಶ್ನೆ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ನೇಕಾರರ ಜೊತೆಗೆ ಪೂರಕ ಕೆಲಸಗಾರರನ್ನೂ ಎಣಿಸಿದ್ದು ಇದೇ ವಿವೇಕದಿಂದ.

ಮನೆಯ ಲೆಕ್ಕದಲ್ಲಿ ಹೆಂಗಸು ಮರೆಯಾಗುವಂತೆ ತಾಲೂಕಿನ ಲೆಕ್ಕದಲ್ಲಿ ಹಳ್ಳಿ ಮರೆಯಾಗುತ್ತದೆ. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ನೇಮಕವಾದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅಂದಿನ 175 ತಾಲೂಕುಗಳನ್ನು 35 ಸೂಚಕಗಳಿಂದ ತೂಗಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿದ್ದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಉತ್ತರ ಕರ್ನಾಟಕದವರು ವೇದಿಕೆಯ ಮೇಲೆ ಬಹುಕಾಲ ಹೇಳುತ್ತ ಬಂದ ದುಃಖವು ಆಗ ಅಂಕಿಯ ರೂಪ ತಾಳಿತು. ಅತ್ತವನಿಗೆ ಸಮಾಧಾನ ಹೇಳಿ ಕಳುಹಿಸಬಹುದು. ಅಂಕಿಗೆ ಹಾಗೆ ಹೇಳಿ ಕಳುಹಿಸಲಾಗದು. ಆದರೆ ಅಂದು ಇಳಕಲ್ಲು ಹುನಗುಂದ ತಾಲೂಕಿನಲ್ಲಿತ್ತು, ಗುಳೇದಗುಡ್ಡ ಬಾದಾಮಿಯಲ್ಲಿತ್ತು. ಪೇಟೆಯ ಅಂಗಡಿ, ಬ್ಯಾಂಕುಗಳೂ ಮಳೆಯನ್ನೇ ನಂಬಿದ ಹಳ್ಳಿಗಳೂ ಕೂಡಿ ಒಂದೇ ಸರಾಸರಿಯಾಗಿದ್ದವು. ಈಗ ಅವೆರಡೂ ಬೇರೆ ತಾಲೂಕುಗಳಾಗಿವೆ. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚಿತವಾದುದರ ಔಚಿತ್ಯ ಇದರಿಂದಲೇ ತಿಳಿಯುತ್ತದೆ. ತಕ್ಕಡಿ ಹಳೆಯದಾದರೆ ತೂಕ ಮಾಡುವವನು ಎಷ್ಟು ಪ್ರಾಮಾಣಿಕನಾದರೇನು!

ಇನ್ನು ಕೆಲವು ಪ್ರಶ್ನೆಗಳಿಗೆ ಕಾಗದದ ಮೇಲೆ ಮನೆಯೇ ಇರುವುದಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯನ್ನು ನುಂಗುತ್ತ ಬಂದಂತೆ ಜನರು ನವನಗರಕ್ಕೆ ನಡೆದರು. ‘ಈಗಿನ ಮನೆ ಹಿಂದಿನದಕ್ಕಿಂತ ಉತ್ತಮವೇ?’ ಎಂದು ಸಂಶೋಧಕನು ಕೇಳಿದರೆ, ರಸ್ತೆ ಅಗಲವಾಗಿದೆ, ಗಾಳಿ ಬೆಳಕು ಚೆನ್ನಾಗಿದೆ ಎಂದು ಉತ್ತರ ಬಂದೀತು. ಅದು ನಿಜವೂ ಹೌದು. ಆದರೆ ಓಣಿಯ ಹೆಸರಿನಿಂದ ಗುರುತಾಗುತ್ತಿದ್ದವರು ಸೆಕ್ಟರಿನ ಸಂಖ್ಯೆಯಿಂದ ಗುರುತಾಗುವಂತಾಯಿತಲ್ಲ, ಉದ್ರಿ ಕೊಡುತ್ತಿದ್ದ ಅಂಗಡಿಕಾರನೂ ಹೊತ್ತಿಗೆ ಒದಗುತ್ತಿದ್ದ ನೆರೆಯವಳೂ ಬೇರೆ ಬೇರೆ ಕಡೆ ಹೋದರಲ್ಲ, ಆ ನಷ್ಟವನ್ನು ಯಾವ ಅಂಕಣದಲ್ಲಿ ಬರೆಯಬೇಕು? ಇದು ಮುಗಿದ ಕಥೆಯೂ ಅಲ್ಲ. ಜಲಾಶಯದ ನೀರನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿತು. ಐದು ಮೀಟರಿಗೂ ಕಡಿಮೆ ಎಂದು ಓದುವವನಿಗೆ ಅದು ಅಲ್ಪವೇ. ದಂಡೆಯ ಮೇಲೆ ಮನೆ ಕಟ್ಟಿಸಬೇಕೆಂದಿರುವವನಿಗೆ, ಮಗಳ ಮದುವೆಗೆ ಹೊಲವನ್ನೇ ನಂಬಿದವನಿಗೆ, ಕಾಯುವ ವರ್ಷಗಳೇ ಒಂದು ತೆರಿಗೆ.

ಹೀಗೆ ಕಲೆಹಾಕಿದ ಉತ್ತರಗಳು ವರದಿಯಾಗುತ್ತವೆ. ಕೆಲವು ವರದಿಗಳು ಸರ್ಕಾರದ ಬೊಕ್ಕಸವನ್ನು ಅಲುಗಿಸುತ್ತವೆ. ಹೆಚ್ಚಿನವು ಕಪಾಟಿನಲ್ಲಿ ಮಲಗುತ್ತವೆ. ಅದು ಸಂಶೋಧಕನ ಕೈಮೀರಿದ ಮಾತು. ಅವನ ಕೈಯಲ್ಲಿರುವ ಮಾತೊಂದಿದೆ. ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಉತ್ತರ ಪಡೆದ ವಿಷಯವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಅಚ್ಚಾಗುತ್ತದೆ. ಅದರ ಸಾರವನ್ನು ನಾಲ್ಕು ಪುಟದಲ್ಲಿ ತಿಳಿಗನ್ನಡದಲ್ಲಿ ಬರೆದು ಆ ಓಣಿಗೆ ಮುಟ್ಟಿಸಿದರೆ ಸಂಸ್ಥೆಯ ಗೌರವಕ್ಕೆ ಕುಂದಿಲ್ಲ. ಆ ಮನೆಯ ಮಗಳು ಅದನ್ನು ಗಟ್ಟಿಯಾಗಿ ಓದಿ, ‘ದುಡಿಯುವವರು: ಮೂವರು’ ಎಂಬ ಸಾಲಿಗೆ ಬಂದಾಗ, ರಾಟಿಯ ಮುಂದೆ ಕುಳಿತವಳು ಒಂದು ಗಳಿಗೆ ಕೈ ನಿಲ್ಲಿಸಿ ಕೇಳಿಯಾಳು.