ನೆಟ್ಟಗೆ ಇಳಿಯಬೇಕಾದ ಹಿತ್ತಾಳೆ

ಪ್ಲಾಸ್ಟಿಕ್ ಡಬ್ಬಿಯ ಸ್ಕ್ರೂವನ್ನು ಹತ್ತಾರು ಸಲ ಬಿಚ್ಚಿ ಬಿಗಿದರೆ ಕೊನೆಗದು ಹಿಡಿತವಿಲ್ಲದೆ ಸುಮ್ಮನೆ ತಿರುಗುವುದನ್ನು ತಾವೂ ಬಲ್ಲಿರಿ. ಮಂಗಸೂಳಿಯ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿರುವ ತಂದೆಯವರ ಕರೆಗಂಟೆ ಅಂಥದೊಂದು ಡಬ್ಬಿಯಲ್ಲಿದೆ. ಅಣ್ಣನ ಮಗ ಅದನ್ನು ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿ ತಂದ. ಬ್ಯಾಟರಿಗಾಗಿ ಮುಚ್ಚಳವನ್ನು ಆಗಾಗ ತೆರೆಯಲೇಬೇಕು. ಅದು ಸಡಿಲಗೊಂಡು ಬ್ಯಾಟರಿ ಜಾರಿದರೆ ನಡುರಾತ್ರಿಯಲ್ಲಿ ಗಂಟೆ ಮೊಳಗದು.

ಇದಕ್ಕೆ ಪರಿಹಾರ, ಒಳಗೆ ತಿರುಪಿನ ಗೆರೆಗಳುಳ್ಳ ಪುಟ್ಟ ಹಿತ್ತಾಳೆಯ ಕೊಳವೆ. ತುಸು ಕಿರಿದಾದ ರಂಧ್ರದ ಮೇಲೆ ಅದನ್ನಿಟ್ಟು, ಸೋಲ್ಡರಿಂಗ್ ಐರನ್ನಿನಿಂದ ಕಾಯಿಸಿ ಒತ್ತಿದರೆ, ಕರಗಿದ ಪ್ಲಾಸ್ಟಿಕ್ ಕೊಳವೆಯ ಹೊರಮೈಯ ಗೀರುಗಳಲ್ಲಿ ತುಂಬಿ, ತಣಿದ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಕೈ ಓರೆಯಾದರೆ ಕೊಳವೆಯೂ ಓರೆ, ಮುಚ್ಚಳ ಹೊಂದುವುದಿಲ್ಲ.

ಆದ್ದರಿಂದ ನಾವಿಬ್ಬರೂ ಒಂದು ಚಿಕ್ಕ ಒತ್ತುಯಂತ್ರ ಮಾಡಿದೆವು. ಹಲಗೆಯ ಮೇಲೆ ನಿಲ್ಲಿಸಿದ ಕಟ್ಟಿಗೆಗೆ ಹಳೆಯ ಮೇಜಿನ ಡ್ರಾಯರ್ ಚಾನೆಲ್ ಜಡಿದು, ಅದಕ್ಕೆ ಐರನ್ನನ್ನು ಮೂತಿ ಕೆಳಗಾಗಿ ಬಿಗಿದೆವು. ಕೈಬಿಟ್ಟೊಡನೆ ಸ್ಪ್ರಿಂಗು ಮೇಲೆಳೆಯುತ್ತದೆ. ಇಷ್ಟೇ. ಮೂಲೆಮಟ್ಟ ಹಿಡಿದು ನೆಟ್ಟಗಿದೆಯೇ ಎಂದು ನೋಡುವುದಕ್ಕೇ ಅರ್ಧ ದಿನ ಹಿಡಿಯಿತು.

ಈ ಪಿ.ಎಲ್.ಎ. ಪ್ಲಾಸ್ಟಿಕ್ಕನ್ನು ಅಮೆರಿಕದಲ್ಲಿ ಗೋವಿನಜೋಳದಿಂದ, ಥಾಯ್ಲೆಂಡಿನಲ್ಲಿ ಕಬ್ಬಿನಿಂದ ತಯಾರಿಸುತ್ತಾರೆಂದಾಗ, ಆಯುಷ್ಯವೆಲ್ಲ ಕಬ್ಬು ಬೆಳೆದ ತಂದೆಯವರು ನಕ್ಕರು. ಅದು ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ; ಐರನ್ 220 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು. ಅವಸರಿಸಿ ಒತ್ತಿದರೆ ಕರಗಿದ್ದು ತಳಕ್ಕೆ ನುಗ್ಗಿ ಸ್ಕ್ರೂವಿನ ದಾರಿ ಮುಚ್ಚುತ್ತದೆ. ಕೊಳವೆ ಕೂದಲೆಳೆಯಷ್ಟು ಮೇಲಿರುವಾಗಲೇ ಐರನ್ ಎತ್ತಿ, ತಣ್ಣನೆಯ ಲೋಹದ ಪಟ್ಟಿಯಿಂದ ಅದುಮಿ ಹಿಡಿಯಬೇಕು. ಕಿಟಕಿ ತೆರೆದಿರಲಿ, ಮಕ್ಕಳು ದೂರವಿರಲಿ.

ಡಬ್ಬಿಯಲ್ಲಿ ನಾಲ್ಕು ಕೊಳವೆಗಳು ಕುಳಿತಿವೆ. ಈಗ ಬ್ಯಾಟರಿಯನ್ನು ತಾಯಿಯವರೇ ಬದಲಿಸುತ್ತಾರೆ.