ಅರಸೀಕೆರೆಯಿಂದ ಬೇಲೂರಿಗೆ

ಬೇಲೂರು, ಹಳೇಬೀಡುಗಳ ಕೀರ್ತಿಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಅಲ್ಲಿಗೆ ಹೋಗುವವರಲ್ಲಿ ಬಹು ಮಂದಿ ಎರಡು ಗುಡಿಗಳನ್ನು ಅವಸರದಿಂದ ನೋಡಿ ಹಿಂದಿರುಗುವರು. ದಾರಿಯಲ್ಲಿ ಇಳಿದಿಳಿದು ಹೋದವರಿಗೆ ಮಾತ್ರ ದೊರೆಯುವ ಲಾಭವೊಂದುಂಟು. ಅದನ್ನು ವಾಚಕರಿಗೆ ತಿಳಿಸಬೇಕೆಂಬುದೇ ನಮ್ಮ ಆಶಯ.

ಅರಸೀಕೆರೆಯನ್ನು ಜನರು ರೈಲಿನ ಜಂಕ್ಷನ್ನೆಂದೂ ಕೊಬ್ಬರಿಯ ಪೇಟೆಯೆಂದೂ ಬಲ್ಲರು. ಅಲ್ಲಿಯ ಶಿವಾಲಯವನ್ನು ಬಲ್ಲವರು ಕಡಮೆ. ಸುಮಾರು 1220ರಲ್ಲಿ ಕಟ್ಟಿದ ಈ ಗುಡಿಯ ಮುಂಭಾಗದ ಮಂಟಪವು 16 ಮೂಲೆಗಳ ನಕ್ಷತ್ರದಂತಿದೆ. ನಮ್ಮ ಮಕ್ಕಳು ಮೂರು ಸಲ ಸುತ್ತಿ, ಮೂರು ಬಗೆಯ ಲೆಕ್ಕವನ್ನು ಒಪ್ಪಿಸಿದರು!

ಮುಂದೆ ತೆಂಗಿನ ತೋಟಗಳ ನಡುವೆ ದಾರಿ. ಎಳನೀರು ಕುಡಿದು ದಣಿವಾರಿಸಿಕೊಂಡು ಜಾವಗಲ್ಲನ್ನು ಸೇರಿದೆವು. 13ನೆಯ ಶತಮಾನದ ಲಕ್ಷ್ಮೀನರಸಿಂಹನ ಗುಡಿಗೆ ಮೂರು ಗರ್ಭಗೃಹಗಳು. ಇಲ್ಲಿ ದುಡಿದ ಶಿಲ್ಪಿಗಳಲ್ಲಿ ಮಲ್ಲಿತಮ್ಮನು ಪ್ರಸಿದ್ಧನು. ಸೋಮನಾಥಪುರದಲ್ಲಿಯೂ ಇವನ ಕೈಬರಹವನ್ನು ಕಾಣಬಹುದು. ಕೆಲವು ವಿಗ್ರಹಗಳ ಅಡಿಯಲ್ಲಿ ‘ಮಲ್ಲಿ’ ಎಂದಷ್ಟೇ ಕೆತ್ತಿ ಸುಮ್ಮನಾಗಿರುವನು. “ರಾಜನ ಗುಡಿಯಲ್ಲಿ ಕೆಲಸದವನು ಹೆಸರು ಬರೆಯಬಹುದೇ ಅಪ್ಪಾ?” ಎಂದು ಕಿರಿಯವಳು ಕೇಳಿದಳು. ನಮ್ಮ ದೇಶದ ಎಷ್ಟೋ ಮಹಾದೇವಾಲಯಗಳಲ್ಲಿ ಕಡೆದವರ ಹೆಸರು ತಿಳಿಯದು. ಹೊಯ್ಸಳರ ನಾಡಿನಲ್ಲಿ ಮಾತ್ರ ಅದು ಮತ್ತೆ ಮತ್ತೆ ಕಾಣುವುದು. ಈ ಪ್ರಶ್ನೆಯೇ ಮುಂದಿನ ದಾರಿಗೆ ನಮ್ಮ ಬುತ್ತಿಯಾಯಿತು.

ಹಳೇಬೀಡು ಹಿಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫರನ ಸೈನ್ಯವು ಇಲ್ಲಿಗೆ ನುಗ್ಗಿತು. ಇಂದು ಅರಮನೆಯು ನಿಂತಿಲ್ಲ. ಹೊಯ್ಸಳೇಶ್ವರನ ಗುಡಿ ನಿಂತಿದೆ. ಅದರ ತಳದಲ್ಲಿ ಸಾಲು ಸಾಲಾಗಿ ಆನೆಗಳು ನಡೆದಿವೆ. ಕೇದಾರೋಜನೆಂಬ ಶಿಲ್ಪಿಯ ಹೆಸರು ಅಲ್ಲಿಯ ಬರಹದಲ್ಲಿ ಉಳಿದಿದೆ. ಸಮೀಪದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು ಯಾರೂ ಬಿಡಬಾರದು. ಅಲ್ಲಿಯ ನುಣುಪಾದ ಕಂಬಗಳ ಮುಂದೆ ನಿಂತರೆ ನಮ್ಮ ನೆರಳೇ ಕನ್ನಡಿಯಲ್ಲಿ ಕಂಡಂತೆ ಕಾಣುವುದು. ಈ ಬಳಪದ ಕಲ್ಲು ಅಗೆದು ತೆಗೆದಾಗ ಮೃದುವಾಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವುದೆಂದು ತಿಳಿದವರು ಹೇಳುವರು. ಮಧ್ಯಾಹ್ನದಲ್ಲಿ ಹಾಸುಗಲ್ಲು ಕಾಯುವುದರಿಂದ ಮಕ್ಕಳೊಡನೆ ಹೋಗುವವರು ಬೆಳಗಿನಲ್ಲಿಯೇ ನೋಡುವುದು ಲೇಸು.

ಅಲ್ಲಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಿಸಿದ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ಸಲ್ಲುತ್ತಿದೆ. ಮದನಿಕೆಯರ ಚೆಲುವನ್ನು ನೋಡಿ ಬೆರಗಾಗದವರಿಲ್ಲ. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇಲ್ಲಿ ಕೆಲಸ ಮಾಡಿ ಹೆಸರು ಕೊರೆದಿರುವರು. ತಂದೆಯ ವಿದ್ಯೆಯು ಮಗನಿಗೆ ಸಂದುದಕ್ಕೆ ಇದಕ್ಕಿಂತ ಅಂದವಾದ ದಾಖಲೆ ಬೇರೆ ಬೇಕೇ?

ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಲೋಕವೇ ಬಂದು ನೋಡುವ ಈ ಕಲ್ಲುಗಳ ಮೇಲೆ ಹಳೆಯ ಕನ್ನಡದ ಅಕ್ಷರಗಳಿವೆ. ಮನೆಯ ಮಕ್ಕಳಿಗೆ ದೊರೆಗಳ ಹೆಸರನ್ನು ಪಾಠಪುಸ್ತಕವು ಕಲಿಸುವುದು. ಮಲ್ಲಿ, ದಾಸೋಜ, ಚಾವಣರನ್ನು ಪರಿಚಯ ಮಾಡಿಸುವ ಭಾರ ಮಾತ್ರ ತಾಯಿತಂದೆಗಳದು.