ಒಂಬತ್ತರ ಲೆಕ್ಕ

ನವೆಂಬರ್ ಬಂತೆಂದರೆ ನಮ್ಮಂಥ ಪಿಂಚಣಿದಾರರಿಗೆ ಒಂದು ಪರೀಕ್ಷೆ. ನಾವು ಇನ್ನೂ ಬದುಕಿದ್ದೇವೆ ಎಂದು ರುಜುವಾತು ಮಾಡಬೇಕು. ಮೊದಲೆಲ್ಲ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತು ಅಧಿಕಾರಿಯ ಎದುರು ಸಹಿ ಹಾಕಬೇಕಿತ್ತು. 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಬಂತು. ಈಗ ಫೋನಿನ ಮುಂದೆ ಮುಖ ಹಿಡಿದು ಕಣ್ಣು ಮಿಟುಕಿಸಿದರೂ ಸಾಕು, ಇನ್ನೊಂದು ವರ್ಷ ನಾವು ಜೀವಂತ!

ಕಳೆದ ನವೆಂಬರಿನಲ್ಲಿ ನಾನೂ ನನ್ನಾಕೆಯೂ ಹಾಸನದಿಂದ ಬೆಂಗಳೂರಿಗೆ, ಮಗನ ಮನೆಗೆ ಹೋಗಿದ್ದೆವು. ಆರನೇ ತರಗತಿಯಲ್ಲಿರುವ ಮೊಮ್ಮಗ ಪುಟ್ಟನೇ ಫೋನು ಹಿಡಿದ.

“ತಾತ, ಕಣ್ಣು ಮುಚ್ಚಿ ತೆಗೀರಿ. ಅಯ್ಯೋ, ಒಂದೇ ಕಣ್ಣು ಹೊಡೀಬೇಡಿ!” ಎಂದು ಬಿದ್ದು ಬಿದ್ದು ನಕ್ಕ. ಮೂರನೇ ಸಲಕ್ಕೆ ಫೋನು ನನ್ನನ್ನು ಒಪ್ಪಿಕೊಂಡಿತು.

“ಇಷ್ಟಕ್ಕೇ ನಿಮಗೆ ವರ್ಷವಿಡೀ ದುಡ್ಡು ಕೊಡ್ತಾರಾ? ಕೆಲಸ ಮಾಡದೇ ಇದ್ರೂ?”

“ಹೌದು ಕಣೋ. 38 ವರ್ಷ ಮಾಡಿದೀನಲ್ಲ.”

ಅವನು ಸ್ವಲ್ಪ ಹೊತ್ತು ಯೋಚಿಸಿದ. “ಹಾಗಾದ್ರೆ ಅಪ್ಪನಿಗೂ ಕೊಡ್ತಾರಾ? ಅಪ್ಪನಿಗೂ ಈಗ ಕೆಲಸ ಇಲ್ವಲ್ಲ.”

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಸೊಸೆಯ ಕೈ ನಿಂತಿತು. ನನ್ನಾಕೆಯ ಮುಖ ನೋಡಿದೆ. ಅವಳು ಸೆರಗಿನಲ್ಲಿ ಕನ್ನಡಕ ಒರೆಸುತ್ತಾ ನೆಲ ನೋಡುತ್ತಿದ್ದಳು. ಅಂದರೆ ಅವಳಿಗೂ ಗೊತ್ತು! ಮಗನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ನನಗೆ ರಕ್ತದೊತ್ತಡ ಇದೆಯೆಂದು ನನ್ನೊಬ್ಬನಿಗೆ ಯಾರೂ ಹೇಳಿರಲಿಲ್ಲ.

ಮಕ್ಕಳೇ, ಆ ರಾತ್ರಿ ನಡೆದದ್ದನ್ನು ಹೇಳುವ ಮೊದಲು ನನ್ನ ಕೆಲಸದ ಬಗ್ಗೆ ಒಂದಿಷ್ಟು ಹೇಳಬೇಕು. ಇಲ್ಲದಿದ್ದರೆ ಮುಂದಿನ ಲೆಕ್ಕ ಟ್ಯಾಲಿ ಆಗುವುದಿಲ್ಲ.

ನಾನು ಬಿ.ಕಾಂ. ಮುಗಿಸಿ 1973ರಲ್ಲಿ ಬ್ಯಾಂಕಿನಲ್ಲಿ ಕ್ಲರ್ಕ್ ಆದೆ. ಅದಕ್ಕೆ ನಾಲ್ಕು ವರ್ಷ ಮೊದಲು, 1969ರ ಜುಲೈ 19ರಂದು, 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾಗಿದ್ದವು. ಬ್ಯಾಂಕ್ ಕೆಲಸ ಸಿಕ್ಕಿತೆಂದರೆ ಹೆಣ್ಣು ಕೊಡುವವರು ಸಾಲುಗಟ್ಟುತ್ತಿದ್ದ ಕಾಲ. ಬಡ್ತಿ ಎರಡು ಸಲ ಬಂದಿತ್ತು, ಎರಡು ಸಲವೂ ಬೇಡವೆಂದೆ. ಆಫೀಸರ್ ಆದರೆ ಊರೂರಿಗೆ ವರ್ಗ. ವಯಸ್ಸಾದ ತಾಯಿಯನ್ನು ಬಿಟ್ಟು ಹೋಗುವ ಮನಸ್ಸಾಗಲಿಲ್ಲ.

ಆಗ ಎಲ್ಲ ಲೆಕ್ಕವೂ ಕೈಬರಹದಲ್ಲಿ. ಎರಡು ಕೈ ಹಾಕಿ ಎತ್ತಬೇಕಾದ ಲೆಡ್ಜರುಗಳು, ಹಿತ್ತಾಳೆಯ ಟೋಕನ್ನುಗಳು. ಸಂಜೆ ಲೆಕ್ಕ ಹೊಂದದಿದ್ದರೆ ಮನೆಗೆ ಹೋಗುವಂತಿಲ್ಲ. ಒಂದು ಸಂಜೆ 90 ರೂಪಾಯಿ ವ್ಯತ್ಯಾಸ ಬಂದು ನಾನು ಬೆವರುತ್ತಿದ್ದಾಗ ಹಿರಿಯ ಹೆಡ್ ಕ್ಲರ್ಕ್ ಒಬ್ಬರು ಬಂದು, “ಒಂಬತ್ತರಿಂದ ಭಾಗಿಸು” ಎಂದರು. ಶೇಷವಿಲ್ಲದೆ ಭಾಗವಾಯಿತು. “ಹಾಗಾದರೆ ಎಲ್ಲೋ ಅಂಕಿ ಅದಲುಬದಲು ಮಾಡಿದ್ದೀಯ. ಹುಡುಕು.” ಹುಡುಕಿದೆ. 540 ಬರೆಯಬೇಕಾದಲ್ಲಿ 450 ಬರೆದಿದ್ದೆ!

ನೀವೂ ಮಾಡಿ ನೋಡಿ. 72ನ್ನು ತಿರುಗಿಸಿದರೆ 27, ವ್ಯತ್ಯಾಸ 45. 83 ತಿರುಗಿಸಿದರೆ 38, ವ್ಯತ್ಯಾಸ 45. 91 ತಿರುಗಿಸಿದರೆ 19, ವ್ಯತ್ಯಾಸ 72. ಎಲ್ಲವೂ ಒಂಬತ್ತರ ಮಗ್ಗಿಯಲ್ಲೇ ಬರುತ್ತವೆ. ಈ ಒಂದು ಉಪಾಯ ನನ್ನನ್ನು ಎಷ್ಟೋ ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಕಳುಹಿಸಿದೆ.

1980ರ ದಶಕದಲ್ಲಿ ಬ್ಯಾಂಕಿಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಡಾ. ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ನಾನು ಯೂನಿಯನ್ನಿನ ಮನುಷ್ಯ. ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡು ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು, “ಕಂಪ್ಯೂಟರ್ ಬೇಡ, ನಮ್ಮ ಅನ್ನ ಕಿತ್ತುಕೊಳ್ಳಬೇಡಿ” ಎಂದು ಗಂಟಲು ಕಟ್ಟುವಷ್ಟು ಕೂಗಿದ್ದೆ. ಮನೆಯಲ್ಲಿ ಮಗ ಒಂದನೇ ತರಗತಿಯ ಹುಡುಗ. ಅಪ್ಪ ಕೂಗಿದ್ದನ್ನೇ ಅಂಗಳದಲ್ಲಿ ಕೂಗುತ್ತಾ ಆಡುತ್ತಿದ್ದ. ಅದೇ ಹುಡುಗ ಬೆಳೆದು ಇಂಜಿನಿಯರಿಂಗ್ ಓದಿ, 2000ನೇ ಇಸವಿಯಲ್ಲಿ ಕಂಪ್ಯೂಟರನ್ನೇ ಅನ್ನ ಮಾಡಿಕೊಂಡ!

ನಾನು ಕೂಗಿದ್ದು ಪೂರ್ತಿ ಸುಳ್ಳಾಗಲಿಲ್ಲ, ಪೂರ್ತಿ ನಿಜವೂ ಆಗಲಿಲ್ಲ. ನಮ್ಮ ಶಾಖೆಯಲ್ಲಿ ಕಂಪ್ಯೂಟರಿನಿಂದ ಯಾರ ಕೆಲಸವೂ ಹೋಗಲಿಲ್ಲ. ಆದರೆ ನಾನು ಸೇರಿದಾಗ 22 ಜನರಿದ್ದ ಶಾಖೆಯಲ್ಲಿ 2011ರಲ್ಲಿ ನಾನು ನಿವೃತ್ತನಾದಾಗ ಉಳಿದದ್ದು ಒಂಬತ್ತು ಜನ. ಹೋದದ್ದು ನಮ್ಮ ಕೆಲಸವಲ್ಲ, ನಮ್ಮ ನಂತರ ಬರಬೇಕಾಗಿದ್ದವರದ್ದು.

ಲಾಭವೂ ಆಯಿತು. ಉಳಿತಾಯ ಖಾತೆಯ ಬಡ್ಡಿಯನ್ನು ಆಗೆಲ್ಲ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಮೊತ್ತದ ಮೇಲೆ ಲೆಕ್ಕ ಹಾಕುತ್ತಿದ್ದೆವು. ಒಬ್ಬ ಮೇಷ್ಟ್ರ ಖಾತೆಯಲ್ಲಿ ತಿಂಗಳಿಡೀ 10,000 ರೂಪಾಯಿ ಇದ್ದು, 28ನೇ ತಾರೀಖು 9,000 ತೆಗೆದರೆ, ಆ ತಿಂಗಳ ಬಡ್ಡಿ ಕೇವಲ 1,000ಕ್ಕೆ. ಶೇಕಡ ಮೂರೂವರೆಯ ಲೆಕ್ಕದಲ್ಲಿ ಮೂರು ರೂಪಾಯಿಯೂ ಆಗುವುದಿಲ್ಲ. ಪ್ರತಿಯೊಬ್ಬರ ಖಾತೆಗೂ ದಿನದಿನದ ಲೆಕ್ಕ ಹಾಕುವುದು ಕೈಬರಹದಲ್ಲಿ ಸಾಧ್ಯವೇ ಇರಲಿಲ್ಲ. 2010ರ ಏಪ್ರಿಲ್ 1ರಿಂದ ದಿನದ ಲೆಕ್ಕವೇ ಕಡ್ಡಾಯವಾಯಿತು. ಅದೇ ಮೇಷ್ಟ್ರಿಗೆ 30 ದಿನದ ಅದೇ ತಿಂಗಳಿಗೆ 26 ರೂಪಾಯಿ! ನಾನು ಬೇಡವೆಂದ ಯಂತ್ರ, ನಾನು ಇಷ್ಟು ವರ್ಷ ಕೊಡಲಾಗದ ಬಡ್ಡಿಯನ್ನು ಜನರಿಗೆ ಕೊಟ್ಟಿತು. ಆ ದಿನ ನನಗೆ ನಾಚಿಕೆಯಾದದ್ದು ನಿಜ.

ಇರಲಿ. ಮಗನ ಮನೆಗೆ ಬರೋಣ.

ರಾತ್ರಿ ಊಟವಾದ ಮೇಲೆ ಇಬ್ಬರೂ ತಾರಸಿಗೆ ಹೋದೆವು. ನನ್ನ ಬಾಯಿಂದ ಮೊದಲು ಬಂದ ಮಾತೇ ತಪ್ಪಾಯಿತು.

“ಬ್ಯಾಂಕ್ ಪರೀಕ್ಷೆ ಬರಿ ಅಂತ ಆಗಲೇ ಹೇಳಿದ್ದೆ. ಕೇಳಿದ್ಯಾ?”

ಅವನು ಸಿಟ್ಟಾಗಲಿಲ್ಲ. “ಅಪ್ಪ, ನಾನು ಓದು ಮುಗಿಸಿದ ವರ್ಷವೇ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆ ತಂದು ಇದ್ದವರನ್ನೇ ಮನೆಗೆ ಕಳಿಸ್ತಿದ್ವು. ನಿಮ್ಮ ಪಕ್ಕದ ಕುರ್ಚಿಯವರೇ ಹೋದ್ರಲ್ಲ, ಮರೆತ್ರಾ?”

ಮರೆತಿರಲಿಲ್ಲ. ಸುಮ್ಮನಾದೆ.

“ನಿಮಗೆ ಕೆಲಸ ಅನ್ನೋದು ಸ್ವಂತ ಮನೆ ಇದ್ದ ಹಾಗಿತ್ತು. ನಮ್ಮದು ಬಾಡಿಗೆ ಮನೆ. ಇರೋವಷ್ಟು ದಿನ ಚೆನ್ನಾಗಿ ಗುಡಿಸಿ ಸಾರಿಸ್ತೀವಿ, ಆದರೆ ಗೋಡೆಗೆ ಜಾಸ್ತಿ ಮೊಳೆ ಹೊಡೆಯಲ್ಲ. ಖಾಲಿ ಮಾಡಿ ಅಂದ ದಿನ ಸಾಮಾನು ಕಟ್ಟಬೇಕು. ನಿಮ್ಮ ನಿವೃತ್ತಿಯ ದಿನ ನಿಮಗೆ ಕೆಲಸಕ್ಕೆ ಸೇರಿದಾಗಲೇ ಗೊತ್ತಿತ್ತು. ನಮ್ಮದು ಯಾವ ಶುಕ್ರವಾರ ಬೇಕಾದರೂ ಬರಬಹುದು.”

ಅವನ ಕೆಲಸ ಸಾಫ್ಟ್‌ವೇರ್ ಪರೀಕ್ಷಿಸುವುದು, ಅಂದರೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಆ ಕೆಲಸವನ್ನು ಈಗ ಬಹುಮಟ್ಟಿಗೆ ಹೊಸ ಯಂತ್ರಬುದ್ಧಿಯಿಂದಲೇ ಮಾಡಿಸುತ್ತಾರಂತೆ. ಅವನ ತಂಡದಲ್ಲಿದ್ದ 11 ಜನರಲ್ಲಿ ಮೂವರನ್ನು ಇಟ್ಟುಕೊಂಡರು. ಮೆಟ್ಟಿಲ ಮೇಲೆ ನಿಂತು ಕೂಗಲು ಅವನಿಗೆ ಯೂನಿಯನ್ನೂ ಇಲ್ಲ, ಮೆಟ್ಟಿಲೂ ಇಲ್ಲ. ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದವನಿಗೆ ಮನೆಯಲ್ಲೇ ಸುದ್ದಿ ಬಂತು.

“ಪಿಂಚಣಿ?” ಎಂದೆ.

“ಭವಿಷ್ಯನಿಧಿಯ ಜೊತೆಗೆ ಒಂದು ಪಿಂಚಣಿ ಇದೆ. ಸಂಬಳ ಎಷ್ಟೇ ಇರಲಿ, 15,000 ರೂಪಾಯಿಯ ಮಿತಿಯಲ್ಲೇ ಲೆಕ್ಕ. 35 ವರ್ಷ ದುಡಿದರೂ 58 ತುಂಬಿದ ಮೇಲೆ ಬರೋದು ತಿಂಗಳಿಗೆ 7,500ರ ಆಸುಪಾಸು. ತುಟ್ಟಿಭತ್ಯೆ ಇಲ್ಲ.”

ನನ್ನದು ಕೊನೆಯ 10 ತಿಂಗಳ ಸರಾಸರಿ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಆ ನಿಯಮ ಬ್ಯಾಂಕುಗಳಿಗೆ ಬಂದದ್ದು 1995ರಲ್ಲಿ. 2010ರ ಏಪ್ರಿಲ್ ನಂತರ ಸೇರಿದ ಬ್ಯಾಂಕಿನ ಹುಡುಗರಿಗೂ ಅದಿಲ್ಲ, ಅವರು ಹೊಸ ಪಿಂಚಣಿ ಯೋಜನೆಯವರು. ನಾನು ನನ್ನ ಪಿಂಚಣಿಯನ್ನು ನನ್ನ ಜಾಣತನ ಎಂದುಕೊಂಡಿದ್ದೆ. ಅದು ಮುಕ್ಕಾಲು ಪಾಲು ನಾನು ಹುಟ್ಟಿದ ವರ್ಷದ ಪುಣ್ಯ.

ಆಮೇಲೆ ಅವನು ಒಳಗಿನಿಂದ ಒಂದು ಉದ್ದನೆಯ ನೋಟ್‌ಬುಕ್ ತಂದ. ನೋಡಿ ಆಶ್ಚರ್ಯವಾಯಿತು. 2003ರಿಂದ ತಿಂಗಳು ತಿಂಗಳಿನ ಜಮಾ–ಖರ್ಚು, ಕೈಬರಹದಲ್ಲಿ! ನಾನು ಮನೆಯ ಲೆಕ್ಕ ಬರೆಯುವುದನ್ನು ನೋಡಿ ಕಲಿತದ್ದಂತೆ. ಮನೆ ಸಾಲ ತೀರಿಸಿ ಎರಡು ವರ್ಷವಾಗಿತ್ತು. ಎರಡು ವರ್ಷದ ಮನೆ ಖರ್ಚಿನಷ್ಟು ಹಣ ಠೇವಣಿಯಲ್ಲಿತ್ತು. ಬಾಡಿಗೆ ಮನೆ ಎಂದು ಗೊತ್ತಿದ್ದವನು ಸಾಮಾನು ಕಟ್ಟಲು ಸಿದ್ಧವಾಗಿಯೇ ಇದ್ದ.

“ಕಂಪ್ಯೂಟರಿನವನು ಪುಸ್ತಕದಲ್ಲಿ ಬರೀತೀಯಲ್ಲೋ!” ಎಂದೆ.

“25 ವರ್ಷ ಕಂಪ್ಯೂಟರಿನ ತಪ್ಪು ಹುಡುಕಿದೀನಿ ಅಪ್ಪ. ಎಷ್ಟು ತಪ್ಪು ಇರ್ತವೆ ಅಂತ ನನಗೆ ಗೊತ್ತು” ಎಂದು ನಕ್ಕ.

ಅವನ ಮನೆಯಲ್ಲಿ ಮಾತಾಡುವ ಸ್ಪೀಕರ್ ಇಲ್ಲ. ಬಾಗಿಲಿಗೆ ಸಾದಾ ಬೀಗ. ಊಟದ ಹೊತ್ತಿಗೆ ಎಲ್ಲರ ಫೋನೂ ಅಕ್ಕಿ ಡಬ್ಬದ ಮೇಲೆ ಹೋಗಬೇಕು. ಕಂಪ್ಯೂಟರ್ ಬೇಡವೆಂದು ಕೂಗಿದ ನಾನೋ, ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪಿಗೂ ಫೋನಿನಲ್ಲೇ ಹಣ ಕೊಡುತ್ತೇನೆ! ಅದಕ್ಕೆ ಅವನು ನನಗೆ ಹಾಕಿರುವ ನಿಯಮ ಮೂರು. ಫೋನಿಗೆ ಜೋಡಿಸಿದ ಖಾತೆಯಲ್ಲಿ ತಿಂಗಳ ಕೈಖರ್ಚಿನಷ್ಟೇ ಇರಬೇಕು. ನಮಗೆ ಹಣ ಬರಲು ಪಿನ್ ಹಾಕಬೇಕಿಲ್ಲ, ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಹೆದರಿಸಿ ಅವಸರ ಮಾಡುವ ಕರೆ ಯಾರ ಹೆಸರಲ್ಲಿ ಬಂದರೂ ಇಟ್ಟುಬಿಡಬೇಕು, ಮೋಸವಾದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ನನ್ನ ಓರಗೆಯವರೂ ಬರೆದಿಟ್ಟುಕೊಳ್ಳಿ.

“ಹಾಗಾದರೆ ಚಿಂತೆ ಏನು?” ಎಂದು ಕೇಳಿದೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. “ದುಡ್ಡಲ್ಲ ಅಪ್ಪ. ಬೆಳಿಗ್ಗೆ ಎದ್ದರೆ ನನಗೋಸ್ಕರ ಯಾರೂ ಕಾಯ್ತಾ ಇರಲ್ಲ. ಪುಟ್ಟ ಶಾಲೆಯ ಫಾರಂನಲ್ಲಿ ತಂದೆಯ ಉದ್ಯೋಗ ಅಂತ ಏನು ಬರೀಲಿ ಅಂತ ಕೇಳಿದ. ಅವತ್ತು...” ಎಂದು ನಿಲ್ಲಿಸಿದ.

ನಾನು ನಿವೃತ್ತನಾದ ಮೊದಲ ಸೋಮವಾರ ನೆನಪಾಯಿತು. ಒಂಬತ್ತು ಗಂಟೆಗೆ ಪ್ಯಾಂಟು ಶರಟು ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿ, ಚಪ್ಪಲಿ ಮೆಟ್ಟಿದ ಮೇಲೆ ಹೋಗಬೇಕಾದ ಜಾಗವಿಲ್ಲ ಎಂದು ಹೊಳೆದಿತ್ತು. ಯಾರಿಗೂ ಗೊತ್ತಾಗದಂತೆ ಒಂದು ಸುತ್ತು ನಡೆದು ಬಂದಿದ್ದೆ. ಇದನ್ನು 14 ವರ್ಷದಲ್ಲಿ ಮೊದಲ ಸಲ ಮಗನಿಗೆ ಹೇಳಿದೆ. 60ರಲ್ಲಿ ಅಷ್ಟು ನೋವಾಗಿದ್ದರೆ 47ರಲ್ಲಿ ಎಷ್ಟಾಗಬೇಕು?

ಮರುದಿನ ಪುಟ್ಟನಿಗೆ ಒಂಬತ್ತರ ಉಪಾಯ ಕಲಿಸಿದೆ. ಅವನು ಸಿಕ್ಕಿದ ಅಂಕಿಯನ್ನೆಲ್ಲ ತಿರುಗಿಸತೊಡಗಿದ. ಸಂಜೆ ಓಡಿ ಬಂದು, “ತಾತ, ನಿಮಗೆ 74, ತಿರುಗಿಸಿದರೆ ಅಪ್ಪನಿಗೆ 47! ವ್ಯತ್ಯಾಸ 27, ಒಂಬತ್ತು ಮೂರಲೆ!” ಎಂದು ಕುಣಿದ.

ಮಗ ನನ್ನ ಕಡೆ ನೋಡಿ, “ಅಂಕಿ ಅದಲುಬದಲಾಗಿದೆ ಅಪ್ಪ. ನಿವೃತ್ತಿ ತಪ್ಪು ಕಾಲಂಗೆ ಬಂದಿದೆ, ಅಷ್ಟೇ” ಎಂದ. ಎರಡು ತಿಂಗಳ ನಂತರ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅಂದು ಎಂದು ಸೊಸೆ ಆಮೇಲೆ ಹೇಳಿದಳು.

ಊರಿಗೆ ಹೊರಡುವ ಮುಂಚೆ ಪುಟ್ಟನ ಶಾಲೆಯ ಆ ಕಂತಿನ ಫೀಸನ್ನು ನನ್ನ ಪಿಂಚಣಿಯಿಂದ ಕಟ್ಟಿದೆ. ಮಗ ಬೇಡವೆಂದ. ನಾನು ಬಿಡಲಿಲ್ಲ. ರಾತ್ರಿ ಅವನ ನೋಟ್‌ಬುಕ್ ತೆರೆದಿತ್ತು. ಜಮಾ ಕಡೆಯಲ್ಲಿ ‘ಅಪ್ಪನಿಂದ ಕೈಗಡ’ ಎಂದು ಬರೆದಿದ್ದ. ‘ಕೈಗಡ’ ಎಂಬುದನ್ನು ಹೊಡೆದುಹಾಕಲು ಪೆನ್ನು ತೆಗೆದೆ. ಮತ್ತೆ ಜೇಬಿಗೆ ಸಿಕ್ಕಿಸಿಕೊಂಡೆ. ತೀರಿಸುತ್ತೇನೆ ಎಂಬ ನಂಬಿಕೆ ಇರುವವನು ಮಾತ್ರ ಹಾಗೆ ಬರೆಯುತ್ತಾನೆ. ಆ ನಂಬಿಕೆಯನ್ನು ಹೊಡೆದುಹಾಕುವ ಹಕ್ಕು ನನಗಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಎರಡು ಕಡೆ ಸಂದರ್ಶನವಾಗಿದೆ. ಒಂದು ಕಡೆ ಇಲ್ಲವೆಂದರು, ಇನ್ನೊಂದು ಕಡೆಯ ಉತ್ತರ ಬರಬೇಕು. ಸಂಬಳ ಮೊದಲಿಗಿಂತ ಕಡಿಮೆಯಾದರೂ ಸರಿ ಎಂದು ಹೇಳಿದ್ದಾನೆ. ಭಾನುವಾರಗಳಲ್ಲಿ ಬಡಾವಣೆಯ ಪಾರ್ಕಿನಲ್ಲಿ ನನ್ನಂಥ ಹಿರಿಯರಿಗೆ ಫೋನು ಬಳಸುವುದನ್ನು ಹೇಳಿಕೊಡುತ್ತಾನೆ. ಪುಟ್ಟ ಅವನ ಸಹಾಯಕ.

ಅಜ್ಜ ಅಜ್ಜಿಯರೇ, ಮಗನೋ ಮಗಳೋ ಕೆಲಸ ಕಳೆದುಕೊಂಡು ಬಂದರೆ ‘ನಾನಾಗಲೇ ಹೇಳಿದ್ದೆ’ ಎಂಬ ಮಾತನ್ನು ನನ್ನಂತೆ ಆಡಬೇಡಿ. ಮಕ್ಕಳೇ, ಅಪ್ಪ ಅಮ್ಮ ಹಗಲು ಹೊತ್ತು ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಹತ್ತಿರ ಹೋಗಿ ಒಂದು ಲೆಕ್ಕ ಹೇಳಿಕೊಡಿ ಎಂದು ಕೇಳಿ. ಅಂದಹಾಗೆ, ಆ ಫಾರಂನಲ್ಲಿ ತಂದೆಯ ಉದ್ಯೋಗದ ಜಾಗದಲ್ಲಿ ಪುಟ್ಟ ಕೊನೆಗೆ ಏನು ಬರೆದ ಗೊತ್ತೆ? ‘ತಪ್ಪು ಹುಡುಕುವುದು’.

ಅವನ ತಾತನದೂ ಅದೇ ಉದ್ಯೋಗವಾಗಿತ್ತು.